ಎಡವುವ ಜಾಗ ತೋರಿಸಿ, ಚಿತ್ರ ಆಮೇಲೆ

ಪ್ರಶ್ನೆ: ನಾವು ಮೈಸೂರಿನಲ್ಲಿ ವಿನ್ಯಾಸ ಓದುತ್ತಿರುವ ನಾಲ್ವರು. ಕೋಡ್ ಬರೆಯಲು ಬರುವುದಿಲ್ಲ. ಒಂದು ಮುಕ್ತ ತಂತ್ರಾಂಶಕ್ಕೆ (ಕೋಡ್ ಎಲ್ಲರಿಗೂ ತೆರೆದಿರುವಂಥದ್ದು) ಪೂರ್ತಿ ಹೊಸ ರೂಪ ಕೊಟ್ಟು 18 ಪರದೆಗಳ ಚಿತ್ರ ಕಳಿಸಿದೆವು. ‘ಚೆನ್ನಾಗಿದೆ, ಧನ್ಯವಾದ’ ಎಂದು ಒಂದು ಉತ್ತರ ಬಂತು, ಅಷ್ಟೇ. ಎಲ್ಲಿ ತಪ್ಪಿದೆವು ಸಾರ್?

ಉತ್ತರ: 18 ಪರದೆ ಕಳಿಸಿದ್ದೇ ತಪ್ಪು. ಅಲ್ಲಿ ಕೋಡ್ ಬರೆಯುವವರಲ್ಲೂ ಹಲವರು ಕೆಲಸ ಮುಗಿಸಿ ಬಂದು ರಾತ್ರಿ ಒಂದೆರಡು ಗಂಟೆ ಕೂರುವವರು. ನಿಮ್ಮ ಚಿತ್ರ ಅವರಿಗೆ ವರ್ಷಗಟ್ಟಲೆಯ ಕೆಲಸವಾಗಿ ಕಾಣುತ್ತದೆ. ಕೀಲಿ ಶಾರ್ಟ್‌ಕಟ್, ಹಳೆಯ ಫೈಲು, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ, ಇವೆಲ್ಲ ಹೊಸ ರೂಪದಲ್ಲಿ ಏನಾಗುತ್ತವೆ ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಮುಖ್ಯವಾಗಿ, ಯಾರು ಎಲ್ಲಿ ಎಡವಿದರು ಎನ್ನುವುದೇ ಇರುವುದಿಲ್ಲ.

ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶದ ಲೆಕ್ಕದ ಹಾಳೆ ಕ್ಯಾಲ್ಕ್‌ನಲ್ಲಿ ಒಂದು ಆಲೆಮನೆಯ ಲೆಕ್ಕ ಇದೆ ಎನ್ನಿ. ದಿನಾಂಕ, ರೈತರ ಹೆಸರು, ಕಬ್ಬಿನ ತೂಕ, ದರ, ಮೊತ್ತ, ಮುಂಗಡ, ಬಾಕಿ. ಪ್ರಿಂಟ್ ಕೊಟ್ಟರೆ ಬಾಕಿಯ ಕಾಲಂ ಒಂದೇ ಎರಡನೇ ಹಾಳೆಗೆ ಹೋಗಿ ಕೂರುತ್ತದೆ. ಹೊಸಬರು ಇದಕ್ಕೆ ಪರಿಹಾರ ಹುಡುಕುವುದು ಪ್ರಿಂಟ್ ಕಿಟಕಿಯಲ್ಲಿ. ಅಗಲ ಕುಗ್ಗಿಸುವ ಆಯ್ಕೆ ಇರುವುದೋ ಫಾರ್ಮ್ಯಾಟ್ ಮೆನುವಿನ ಪೇಜ್ ಸ್ಟೈಲ್‌ನ ಒಳಗೆ, ಶೀಟ್ ಟ್ಯಾಬಿನಲ್ಲಿ. ಅಲ್ಲಿ ಅಗಲಕ್ಕೆ 1 ಪುಟ ಎಂದು ಕೊಟ್ಟು ಎತ್ತರದ ಮನೆ ಖಾಲಿ ಬಿಟ್ಟರೆ ಕೆಲಸ ಆಯಿತು. ಸೌಲಭ್ಯ ಇದೆ, ಬೇಕಾದವರ ಕಣ್ಣಿಗೆ ಬೀಳುವುದಿಲ್ಲ. ಇಂಥ ಒಂದನ್ನು ಹಿಡಿಯಿರಿ.

ನಿಜವಾಗಿ ಲೆಕ್ಕ ಬರೆಯುವ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ತಲಾ ಅರ್ಧ ಗಂಟೆ ಸಾಕು. ಹಾಳೆಯಲ್ಲಿ ಸುಳ್ಳು ಹೆಸರು ಹಾಕಿರಿ, ಪರದೆ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿ: ‘ಎಲ್ಲ ಕಾಲಂಗಳೂ ಒಂದೇ ಹಾಳೆಯ ಅಗಲದಲ್ಲಿ ಅಚ್ಚಾಗಬೇಕು’. ‘ಪೇಜ್’, ‘ಸ್ಟೈಲ್’ ಎಂಬ ಮೆನುವಿನ ಪದ ಬಾಯಿಗೆ ಬಂದರೆ ಉತ್ತರ ಹೇಳಿಕೊಟ್ಟ ಹಾಗೆ. ಒಬ್ಬರು ಮಾತಾಡಿ, ಒಬ್ಬರು ಬರೆದುಕೊಳ್ಳಿ, ಉಳಿದಿಬ್ಬರು ಹೊರಗಿರಿ. ನಾಲ್ವರು ಸುತ್ತ ನಿಂತರೆ ಅದು ಪರೀಕ್ಷೆ ಹಾಲ್ ಆಗುತ್ತದೆ. ಅವರು ತಡವರಿಸಿದಾಗ ಮೌಸ್‌ಗೆ ಕೈ ಹಾಕಬೇಡಿ, ‘ಈಗ ಏನು ಹುಡುಕ್ತಾ ಇದೀರಿ?’ ಎಂದಷ್ಟೇ ಕೇಳಿ.

ನಮ್ಮ ಕಡೆಯ ತೊಂದರೆ ಒಂದಿದೆ. ಕೊನೆಯಲ್ಲಿ ಹೇಗಿತ್ತು ಎಂದು ಕೇಳಿದರೆ, ಹತ್ತು ನಿಮಿಷ ಒದ್ದಾಡಿದವರೂ ‘ಚೆನ್ನಾಗದೆ ಬುಡಿ’ ಅನ್ನುತ್ತಾರೆ. ಅದು ದಾಕ್ಷಿಣ್ಯ. ಮೊದಲು ಯಾವ ಮೆನು ತೆರೆದರು, ಎಷ್ಟು ಹೊತ್ತಿಗೆ ಕೈಬಿಟ್ಟರು ಎನ್ನುವುದನ್ನೇ ಬರೆದುಕೊಳ್ಳಿ.

ವರದಿ ಒಂದು ಪುಟ ಮೀರಬಾರದು. ತಂತ್ರಾಂಶದ ಆವೃತ್ತಿ, ಕಂಪ್ಯೂಟರ್‌ನ ವ್ಯವಸ್ಥೆ, ಕೊಟ್ಟ ಕೆಲಸ, ಐವರಲ್ಲಿ ಎಷ್ಟು ಜನ ಎಲ್ಲಿ ನಿಂತರು. ಆಮೇಲೆ ಎರಡು ಪರಿಹಾರ. ಅಗ್ಗದ್ದು: ಪ್ರಿಂಟ್ ಕಿಟಕಿಯಿಂದ ಆ ಟ್ಯಾಬಿಗೆ ಒಂದು ಕೊಂಡಿ. ದುಬಾರಿಯದು: ಆಯ್ಕೆಯನ್ನೇ ಪ್ರಿಂಟ್ ಕಿಟಕಿಗೆ ತರುವುದು. ಕಳಿಸುವ ಮುಂಚೆ ಬಗ್ ಪಟ್ಟಿಯಲ್ಲಿ, ಎಂದರೆ ತಂತ್ರಾಂಶದ ದೋಷಗಳ ದೂರು ದಾಖಲಾಗುವ ಪಟ್ಟಿಯಲ್ಲಿ, ಅದೇ ದೂರು ಇದೆಯೇ ನೋಡಿ, ಇದ್ದರೆ ಅದರ ಕೆಳಗೇ ಸೇರಿಸಿ. ಹತ್ತು ವರ್ಷದ ಹಳೇ ದೂರಿಗೂ ಐದು ಜನರ ಸಾಕ್ಷಿ ಬಂದರೆ ಜೀವ ಬರುತ್ತದೆ. ಲಿಬ್ರೆಆಫೀಸ್‌ನಲ್ಲಿ ಬಗ್‌ಗಳನ್ನು ವಿನ್ಯಾಸ ತಂಡದ ಗಮನಕ್ಕೆ ತರಲೆಂದೇ ಒಂದು ಗುರುತುಪದ ಇದೆ. ತಿದ್ದುಪಡಿ ಸೇರಿದ ಮೇಲೆ ಪರೀಕ್ಷಾ ಆವೃತ್ತಿ ಇಳಿಸಿಕೊಂಡು, ಇನ್ನಿಬ್ಬರ ಕೈಗೆ ಅದೇ ಹಾಳೆ ಕೊಟ್ಟು ನೋಡಿ. ಬಹಳ ತಂಡಗಳು ಇದೊಂದನ್ನು ಮರೆಯುತ್ತವೆ.

ಪ್ರಶ್ನೆ: ಬರೀ ಐದು ಜನ ಸಾಕೇ? ಸರ್ವೆ ಮಾಡಿ ಅಂಕ ಕೊಡಬಾರದೇ?

ಉತ್ತರ: ತಂತ್ರಾಂಶ ಬಳಸಲು ಎಷ್ಟು ಸುಲಭ ಎಂದು ಅಧ್ಯಯನ ಮಾಡಿದ ನೀಲ್ಸನ್ ಮತ್ತು ಲ್ಯಾಂಡವರ್ 1993ರಲ್ಲಿ ಮಾಡಿದ ಲೆಕ್ಕದಲ್ಲಿ ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕು ತೋರಿಸಿಕೊಡುತ್ತಾನೆ. ಅದೇ ಲೆಕ್ಕ ಮುಂದುವರಿಸಿದರೆ ಐವರಿಗೆ ಸುಮಾರು ಶೇ 85. ಇದು ಒಂದೇ ಬಗೆಯ ಬಳಕೆದಾರರಿಗೆ ಹೊಂದುವ ಸರಾಸರಿ. ಆಲೆಮನೆಯವರೂ ಕಾಲೇಜು ಹುಡುಗರೂ ಇದ್ದರೆ ಎರಡೂ ಕಡೆ ಮೂರು ನಾಲ್ಕು ಜನ ಬೇಕು. ಅಂಕಕ್ಕೆ ಹತ್ತು ಪ್ರಶ್ನೆಯ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಎಂಬ ಅಳತೆ ಇದೆ, 1986ರದು. ಅದರಲ್ಲಿ 68 ಬಂದರೆ ಶೇ 68 ಎಂದಲ್ಲ, ಸರಾಸರಿ ಎಂದು. ಐದೇ ಜನರಿಂದ ಬಂದ ಅಂಕವನ್ನು ನಂಬಬೇಡಿ.

ಪ್ರಶ್ನೆ: ಮಂಡ್ಯದ ಶಾಲೆಯೊಂದರಲ್ಲಿ ಕಲಿಸುತ್ತೇನೆ. ತಂತ್ರಾಂಶವನ್ನು ಕನ್ನಡಕ್ಕೆ ಬದಲಿಸಿದರೆ ಗುಂಡಿಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ, ಕೆಲವು ವಾಕ್ಯ ತಲೆಕೆಳಗಾಗಿರುತ್ತವೆ. ಅನುವಾದಕರ ತಪ್ಪೇ?

ಉತ್ತರ: ಬಹುಮಟ್ಟಿಗೆ ಅಲ್ಲ ಮೇಡಂ. ಇಂಗ್ಲಿಷ್ ಅಕ್ಷರ ಅಳೆದು ಗುಂಡಿಗೆ ಇಂತಿಷ್ಟೇ ಎತ್ತರ ಎಂದು ಕಟ್ಟಿರುತ್ತಾರೆ. ‘ರಾಷ್ಟ್ರ’ದ ಒತ್ತುಗಳು ಅದರ ಕೆಳಗೆ ಇಳಿಯುತ್ತವೆ. ಎತ್ತರವನ್ನು ಕನಿಷ್ಠ ಇಷ್ಟು ಎಂದು ಬದಲಿಸಿ, ಉಳಿದದ್ದನ್ನು ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಟ್ಟರೆ ಸರಿಹೋಗುತ್ತದೆ. ಅಕ್ಷರದ ಗಾತ್ರವನ್ನು ಶೇ 150ಕ್ಕೆ ಏರಿಸಿ ‘ರಾಷ್ಟ್ರ, ಲಕ್ಷ್ಮಿ, ಸ್ತ್ರೀ’ ಎಂಬ ಮೂರು ಪದ ತುಂಬಿ ಚಿತ್ರ ತೆಗೆದು ಕಳಿಸಿ. ಕನ್ನಡ ಬಾರದವರಿಗೆ ಎಲ್ಲಿ ಕತ್ತರಿಸಿದೆ ಎಂದು ಗೊತ್ತಾಗುವುದಿಲ್ಲ, ಪಕ್ಕದಲ್ಲೇ ಸರಿಯಾದ ರೂಪವೂ ಇರಲಿ.

ತಲೆಕೆಳಗಾದ ವಾಕ್ಯದ ಕಥೆ ಬೇರೆ. ಇಂಗ್ಲಿಷಿನಲ್ಲಿ ‘ಡಿಲೀಟ್’ ಮೊದಲು, ಫೈಲಿನ ಹೆಸರು ಆಮೇಲೆ. ಕೋಡ್‌ನಲ್ಲಿ ಅವೆರಡನ್ನೂ ತುಂಡು ತುಂಡಾಗಿ ಅಂಟಿಸಿದ್ದರೆ ಅನುವಾದಕರ ಕೈಗೆ ಸಿಗುವುದು ‘ಅಳಿಸು’ ಎಂಬ ತುಂಡು ಮಾತ್ರ. ಪರದೆಯ ಮೇಲೆ ‘ಅಳಿಸು ಅಂಕಪಟ್ಟಿ’ ಎಂದು ಬರುತ್ತದೆ. ಹೆಸರಿಗೆ ಜಾಗ ಬಿಟ್ಟ ಇಡೀ ವಾಕ್ಯವನ್ನೇ ಅನುವಾದಕ್ಕೆ ಕೊಡಿ ಎಂದು ಬಗ್ ಹಾಕಿ. ಆಗಲೂ ವಿಭಕ್ತಿ ಪ್ರತ್ಯಯ ಕಾಡುತ್ತದೆ: ಒಂದು ಹೆಸರಿಗೆ ‘ವನ್ನು’, ಇನ್ನೊಂದಕ್ಕೆ ‘ಅನ್ನು’. ‘ಅಂಕಪಟ್ಟಿ ಎಂಬ ಫೈಲನ್ನು ಅಳಿಸಬೇಕೇ?’ ಎಂದು ಬರೆದರೆ ಪ್ರತ್ಯಯ ಯಾವಾಗಲೂ ‘ಫೈಲಿ’ಗೇ ಅಂಟುತ್ತದೆ.