ಪ್ರಾರ್ಥನೆಗೆ ಕೂತರೆ ಸಿಟ್ಟೇ ಬರುತ್ತದೆ

ಪ್ರಶ್ನೆ: ನಮ್ಮದು ಗದಗ ಕಡೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕ್ರೈಸ್ತ ಕುಟುಂಬ. ನನಗೆ 43 ವರ್ಷ. ಯಜಮಾನರ ಎರಡೂ ಕಿಡ್ನಿ ಕೆಟ್ಟು ಒಂದೂವರೆ ವರ್ಷವಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ದಿನಕ್ಕೆ ಇಷ್ಟೇ ನೀರು ಅಂತ ಬೆಳಿಗ್ಗೆಯೇ ಬಾಟಲಿಗೆ ಅಳೆದು ತುಂಬಿಡುತ್ತೇನೆ. ಸಂಜೆಗೆ ಅದು ಖಾಲಿಯಾದಾಗ ಅವರು ನನ್ನ ಮುಖ ನೋಡುತ್ತಾರೆ. ಮೊದಲು ಮನೆ ಪ್ರಾರ್ಥನೆ ನಾನೇ ನಡೆಸುತ್ತಿದ್ದೆ. ಈಗ ಮೊಣಕಾಲೂರಿದರೆ ಸಿಟ್ಟು ಬರುತ್ತದೆ. ಪ್ರಾರ್ಥನಾ ಕೂಟದ ಅಕ್ಕನೊಬ್ಬರು ‘ಅರಿಕೆ ಮಾಡದ ಪಾಪ ಏನೋ ಇದೆ’ ಎಂದರು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಮೂರು ದಿನದ ಉಪವಾಸ ಕೂಟಕ್ಕೆ ಯಜಮಾನರನ್ನು ಕರೆದಿದ್ದಾರೆ. ‘ನಂಬಿಕೆ ಮಷಿನ್ ಮೇಲೋ, ಯೇಸುವಿನ ಮೇಲೋ’ ಎಂದು ಕೇಳಿದರಂತೆ. ಹೋದರೆ ಒಂದು ಡಯಾಲಿಸಿಸ್ ತಪ್ಪುತ್ತದೆ. ಇವರಿಗೆ ಹೋಗುವ ಮನಸ್ಸಿದೆ. ಬೇಡ ಅನ್ನುವ ನನ್ನ ವಿಶ್ವಾಸವೇ ಸತ್ತುಹೋಯಿತಾ?

ಉತ್ತರ: ತಂಗಿ, ಮೊದಲು ಅವಸರದ ಮಾತು. ಡಯಾಲಿಸಿಸ್ ತಪ್ಪಿಸಬೇಡಿ. ಒಂದೇ ಒಂದು ಸಲವೂ ಬೇಡ. ಮೈಯಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಏರುತ್ತದೆ, ಅದು ಜಾಸ್ತಿಯಾದರೆ ಹೃದಯವೇ ನಿಂತುಹೋಗಬಹುದು. ಉಪವಾಸವೂ ಅಷ್ಟೇ, ಡಾಕ್ಟರನ್ನು ಕೇಳದೆ ಬೇಡ. ಯಜಮಾನರಿಗೆ ಇದನ್ನು ನೀವು ಹೇಳುವುದಕ್ಕಿಂತ ಡಾಕ್ಟರೇ ಹೇಳಲಿ. ಇಲ್ಲದಿದ್ದರೆ ಮನೆಯಲ್ಲಿ ‘ವಿಶ್ವಾಸ ಇಲ್ಲದವಳು’ ನೀವಾಗುತ್ತೀರಿ.

ಆ ಪ್ರಸಂಗಿಯ ಪ್ರಶ್ನೆಯೇ ಸರಿ ಇಲ್ಲ. ಜರ್ಮನ್ ಮಾತಾಡುವ ಪಾದ್ರಿಗಳ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ನಿಮ್ಮ ಬೆಟಗೇರಿಯಲ್ಲಿ ಅವರೇ ಆಸ್ಪತ್ರೆ ಕಟ್ಟಿದರು. ಊರಿನವರ ಬಾಯಲ್ಲಿ ಅದು ಈಗಲೂ ಜರ್ಮನ್ ಆಸ್ಪತ್ರೆ, ಅಲ್ವಾ? ಗುಡಿ (ಚರ್ಚು) ಕಟ್ಟಿದ ಕೈಗಳೇ ಔಷಧವನ್ನೂ ಕೊಟ್ಟವು. ಮಷಿನ್ನೋ ಯೇಸುವೋ ಅಂತ ಆ ಜನ ಯಾರನ್ನೂ ಆರಿಸಿಕೊಳ್ಳಲು ಹೇಳಲಿಲ್ಲ. ಲೂಕನ ಸುವಾರ್ತೆಯ ಸಮಾರ್ಯದವನೂ ದಾರಿಯಲ್ಲಿ ಹೊಡೆತ ತಿಂದು ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಛತ್ರಕ್ಕೆ ಕರೆದೊಯ್ದು ಖರ್ಚನ್ನೂ ಕೊಟ್ಟ.

ಇನ್ನು ಅಕ್ಕನ ‘ಪಾಪ’ದ ಮಾತು. ಅದು ತುಂಬಾ ಹಳೆಯ ಮಾತು. ಹುಟ್ಟುಕುರುಡನನ್ನು ನೋಡಿ ಯೇಸುವಿನ ಶಿಷ್ಯರೂ ಅದನ್ನೇ ಕೇಳಿದ್ದರು: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಯೇಸು ಎರಡಕ್ಕೂ ಅಲ್ಲ ಎಂದ. ಯೋಹಾನ 9ನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಸಿಲೊವದ ಬುರುಜು ಬಿದ್ದು 18 ಜನ ಸತ್ತಾಗಲೂ ಅಷ್ಟೇ. ಅವರೇನು ಉಳಿದವರಿಗಿಂತ ದೊಡ್ಡ ಪಾಪಿಗಳಾ ಎಂದು ಅವನೇ ತಿರುಗಿ ಕೇಳಿದ. ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರ ವಿಷಯ ನನಗೆ ಯಾವಾಗಲೂ ತಮಾಷೆ ಅನಿಸುತ್ತದೆ. ಏಳು ದಿನ, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ನೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದರು. ‘ಇದು ನಿನ್ನ ಪಾಪದ ಫಲ’ ಅಂತ ಬಾಯಿ ಬಿಟ್ಟ ಮೇಲೆ ಕೆಟ್ಟರು. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಆ ಗೆಳೆಯರ ಮೇಲೆ. ಅಷ್ಟೂ ದಿನ ದೇವರ ಹತ್ತಿರವೇ ಜಗಳ ತೆಗೆದು, ಹುಟ್ಟಿದ ದಿನವನ್ನೂ ಶಪಿಸಿದ ಯೋಬನನ್ನು ಮಾತ್ರ ‘ನನ್ನ ಸೇವಕ’ ಎಂದೇ ಕರೆದ.

ಹಾಗಾಗಿ ನಿಮ್ಮ ಸಿಟ್ಟಿಗೆ ನಾನು ಹೆದರುವುದಿಲ್ಲ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂತ ಗೊತ್ತಿದ್ದರೆ ನಾವು ಸಿಟ್ಟಾಗುವುದಾದರೂ ಯಾರ ಮೇಲೆ? ನಿಮಗೆ ಮಾತು ಹೊರಡದಿದ್ದರೆ 88ನೇ ಕೀರ್ತನೆಯನ್ನು ಓದಿ, ಬೇಕಾದರೆ ಜೋರಾಗಿಯೇ ಓದಿ. ಬೇರೆ ಎಷ್ಟೋ ಗೋಳಿನ ಕೀರ್ತನೆಗಳು ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅಂಥದ್ದನ್ನೂ ಹಿರಿಯರು ಬೈಬಲ್ಲಿನಿಂದ ತೆಗೆದುಹಾಕಲಿಲ್ಲ. ನಿಮ್ಮಂಥವರು ಆಗಲೂ ಇದ್ದರು ಅಂತ ತಾನೇ ಅರ್ಥ? ಅಪೊಸ್ತಲ ಪೌಲನೂ ತಾನು ‘ಮೈಯ ಮುಳ್ಳು’ ಎಂದು ಕರೆದ ಬಾಧೆ ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಕೃಪೆ ಸಿಕ್ಕಿತು, ಮುಳ್ಳು ಹೋಗಲಿಲ್ಲ. ಪೌಲನಿಗೆ ವಿಶ್ವಾಸ ಸಾಲದಾಗಿತ್ತು ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ವಿಶ್ವಾಸ ಸತ್ತಿದೆಯಾ ಅಂತ ಕೇಳುವ ನೀವೇ ಆ ನೀರಿನ ಬಾಟಲಿಯ ವಿಷಯ ಬರೆದಿದ್ದೀರಿ. ಒಂದೂವರೆ ವರ್ಷ, ದಿನಾ ಬೆಳಿಗ್ಗೆ, ಕೈ ನಡುಗಿದರೂ ಅಳತೆ ತಪ್ಪಿಸಿಲ್ಲ. ನಾನು ಅದನ್ನೇ ಎರಡು ಸಲ ಓದಿದೆ.

ನನ್ನ ತಾಯಿ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಒಬ್ಬರು ಬಂದು ಮುಕ್ಕಾಲು ಗಂಟೆ ಪ್ರಾರ್ಥನೆ ಮಾಡಿದರು. ಮಧ್ಯೆ ಏಳಲಾಗದೆ ಒಲೆಯ ಮೇಲಿನ ಗಂಜಿ ಸೀದುಹೋಯಿತು. ಇನ್ನೊಬ್ಬರು ಏನೂ ಮಾತಾಡದೆ ಹಾಸಿಗೆ ಬಟ್ಟೆಯನ್ನೆಲ್ಲ ಹಿತ್ತಿಲಿಗೆ ಒಯ್ದು, ಒಗೆದು, ಒಣಹಾಕಿ ಹೋದರು. ನಾನು ಗುಡಿ ಬಿಡದೆ ಉಳಿದದ್ದು ಈ ಎರಡನೆಯವರಿಂದ. ನಿಮ್ಮ ಸಭೆಯಲ್ಲೂ ಅಂಥವರು ಇರುತ್ತಾರೆ, ಹುಡುಕಿ. ಆ ಅಕ್ಕನ ಕೂಟಕ್ಕೆ ಸದ್ಯಕ್ಕೆ ಹೋಗದಿದ್ದರೂ ನಡೆಯುತ್ತದೆ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು, ಹಾಡಲಾಗದಿದ್ದರೆ ಸುಮ್ನೆ ಕೇಳಿ.

ದುಡ್ಡಿನ ಚಿಂತೆಯೂ ಇದ್ದರೆ ಒಂದು ಮಾತು. 2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಿಪಿಎಲ್ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಪ್ರವಾದಿ ಎಲೀಯ ‘ಸಾಕು, ನನ್ನ ಪ್ರಾಣ ತೆಗೆದುಕೋ’ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಇನ್ನೊಮ್ಮೆ ಮಲಗಲು ಬಿಟ್ಟ. ಅದಕ್ಕೇ ಈ ವಾರ ನಿಮ್ಮ ಸಭೆಯ ಅಯ್ಯನವರನ್ನು (ಪಾದ್ರಿಗಳನ್ನು) ಕಂಡು ಒಂದೇ ಒಂದು ಕೇಳಿ: ಮುಂದಿನ ಡಯಾಲಿಸಿಸ್ ದಿನ ಆ ನಾಲ್ಕು ಗಂಟೆ ಯಜಮಾನರ ಪಕ್ಕ ಕೂರಲು ಸಭೆಯಿಂದ ಯಾರನ್ನಾದರೂ ಕಳಿಸಿ ಅಂತ. ಅಷ್ಟು ಹೊತ್ತು ನೀವು ಮನೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿ.