‘ಇಬ್ಬರೂ ಒಪ್ಪಿ’ ಎಂದು ಬರೆಯುವ ಮುನ್ನ

ಪತ್ರ: ಗಂಡನ ಹೊಡೆತ ತಾಳದೆ ಅಕ್ಕ ತವರಿಗೆ ಬಂದು ಎರಡು ವರ್ಷವಾಯಿತು. ಊರ ಹಿರಿಯರು ‘ಇಬ್ಬರೂ ಒಪ್ಪಿ ಬೇರೆ ಇರುತ್ತೇವೆ’ ಎಂದು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮಾಡಿಸಿದ್ದಾರೆ. ಈಗ ಆತ ಬೇರೆ ಹೆಣ್ಣು ನೋಡುತ್ತಿದ್ದಾನೆ. ಇದು ಸೋಡಚೀಟಿ (ರೂಢಿಯಂತೆ ಬರೆದುಕೊಡುವ ವಿಚ್ಛೇದನ ಪತ್ರ) ಆದಂತೆಯೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅಲ್ಲ. ನೋಟರಿಯ ಮೊಹರಿನಿಂದ ಮದುವೆ ಮುರಿಯುವುದಿಲ್ಲ. ನಿಮ್ಮ ಸಮುದಾಯದಲ್ಲಿ ಸೋಡಚೀಟಿಯ ರೂಢಿ ಹಳೆಯದೆಂದು ಸಾಕ್ಷಿಸಮೇತ ಸಾಬೀತಾದರೆ ಮಾತ್ರ ಹಿಂದೂ ವಿವಾಹ ಕಾಯ್ದೆ ಅದನ್ನು ಒಪ್ಪುತ್ತದೆ. ಇಲ್ಲವಾದರೆ ಆತ ಕಟ್ಟುವ ಎರಡನೇ ತಾಳಿ ಅನೂರ್ಜಿತ. ಅಪರಾಧಗಳಿಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಸಜೆಯಾಗಬಹುದು.

ಮನೆಯ ಮಾತು ಕೋರ್ಟಿನ ಕಟ್ಟೆ ಹತ್ತಬಾರದೆಂಬ ಹಿರಿಯರ ಕಾಳಜಿ ಅರ್ಥವಾಗುತ್ತದೆ. ಆದರೆ ಅವರು ಬರೆಸಿದ ‘ಇಬ್ಬರೂ ಒಪ್ಪಿ’ ಎಂಬ ಮಾತು ನಿಮ್ಮ ಅಕ್ಕನ ಅನ್ನಕ್ಕೇ ಕಲ್ಲು ಹಾಕಬಹುದು. ಪರಸ್ಪರ ಸಮ್ಮತಿಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶವಿಲ್ಲ ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ 4ನೇ ಉಪಕಲಂ. ಗಂಡನ ವಕೀಲರು ಮೊದಲು ತೋರಿಸುವುದೇ ಈ ಕಾಗದವನ್ನು. ಅಕ್ಕ ಒಪ್ಪಿ ಹೊರಟದ್ದಲ್ಲ, ಹೊಡೆತಕ್ಕೆ ಹೊರಟದ್ದು ಎಂದು ತೋರಿಸಲು ಆಸ್ಪತ್ರೆಯ ಚೀಟಿ, ಠಾಣೆಯ ದೂರಿನ ಪ್ರತಿ, ಮೊಬೈಲಿನ ಸಂದೇಶ, ಅಕ್ಕಪಕ್ಕದವರ ಸಾಕ್ಷಿ ಬೇಕು. ಇಂಥ ಪತ್ರಗಳಲ್ಲಿ ಕೊಟ್ಟ ಪಾತ್ರೆ, ಮರಳಿಸಿದ ಬಂಗಾರ ಎಲ್ಲದಕ್ಕೂ ಲೆಕ್ಕವಿರುತ್ತದೆ. ಹೆಣ್ಣುಮಗಳು ತಿಂಗಳು ತಿಂಗಳು ಏನು ಉಣ್ಣಬೇಕು ಎಂಬುದಕ್ಕೆ ಒಂದು ಸಾಲಿರುವುದಿಲ್ಲ. ಇದು ಸಂಕಟದ ಸಂಗತಿ.

ಬೇರೆ ಇರಬೇಕು, ಮದುವೆ ಸದ್ಯಕ್ಕೆ ಉಳಿಯಲಿ ಎನ್ನುವವರಿಗೆ ಹಿಂದೂ ವಿವಾಹ ಕಾಯ್ದೆಯ 10ನೇ ಕಲಮಿನಲ್ಲಿ ನ್ಯಾಯಿಕ ಪ್ರತ್ಯೇಕವಾಸವಿದೆ. ಕಾರಣಗಳು ವಿಚ್ಛೇದನದವೇ: ಕ್ರೌರ್ಯ, ವ್ಯಭಿಚಾರ, ಎರಡು ವರ್ಷದ ಪರಿತ್ಯಾಗ ಇತ್ಯಾದಿ. ಅಕ್ಕ ಈಗಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಡಿಕ್ರಿಯಾದ (ಕೋರ್ಟು ತೀರ್ಪು ಕೊಟ್ಟ) ಮೇಲೆ ಒಂದೇ ಸೂರಿನಡಿ ಬಾಳುವ ಬಾಧ್ಯತೆ ಇಲ್ಲ. ಗಂಡ ಬಲವಂತದಿಂದ ಮೈಮುಟ್ಟಿ ಕೂಡಿದರೆ ನ್ಯಾಯ ಸಂಹಿತೆಯ 67ನೇ ಕಲಮಿನಡಿ ಎರಡರಿಂದ ಏಳು ವರ್ಷ ಸಜೆ. ಆತ ಉಯಿಲು ಬರೆಯದೆ ತೀರಿಕೊಂಡರೆ ಅಕ್ಕ ಮೊದಲ ವರ್ಗದ ವಾರಸುದಾರಳಾಗಿಯೇ ಉಳಿಯುತ್ತಾಳೆ. ವಿಚ್ಛೇದನವಾದರೆ ಆ ಹಕ್ಕು ಹೋಯಿತು.

ಒಂದು ಎಚ್ಚರ: ಡಿಕ್ರಿಯಾಗಿ ವರ್ಷ ಕಳೆದರೂ ಕೂಡಿ ಬಾಳದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು, ತಪ್ಪು ಮಾಡಿದವನೂ ಕೂಡ. ಆದರೆ ಕೇಳಿದ್ದೆಲ್ಲ ಸಿಗದು. ನಮ್ಮ ಹೈಕೋರ್ಟಿನಿಂದ ಮೇಲೆ ಹೋದ ಪ್ರಕರಣವೊಂದರಲ್ಲಿ ಗಂಡ ಕೋರ್ಟು ಹೇಳಿದ ಜೀವನಾಂಶ ಕೊಟ್ಟಿರಲಿಲ್ಲ, ಪರಸ್ತ್ರೀಯ ಸಂಗವನ್ನೂ ಬಿಟ್ಟಿರಲಿಲ್ಲ. ತನ್ನದೇ ತಪ್ಪಿನ ಲಾಭ ಪಡೆಯಲು ಬಿಡೆವೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆತನಿಗೆ ವಿಚ್ಛೇದನ ನಿರಾಕರಿಸಿತು.

ನೀವು ಎರಡು ವರ್ಷ ಸುಮ್ಮನಿದ್ದದ್ದು ತಪ್ಪು, ಹೇಳಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಿಗಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೂ ಹಿಂದಿನ ತಿಂಗಳುಗಳು ಕೈತಪ್ಪಿದಂತೆಯೇ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿದೆ. ತಾಲ್ಲೂಕು ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೋಗುವಾಗ ಆ ಛಾಪಾ ಕಾಗದದ ಪ್ರತಿ ಜೊತೆಗಿರಲಿ. ಅಲ್ಲಿಯವರೆಗೆ ಹಿರಿಯರು ಇನ್ನೊಂದು ಕಾಗದ ತಂದರೆ ಅಕ್ಕ ಸಹಿ ಹಾಕದಿರಲಿ.