ಮನೆ ಹತ್ರದ ಪುಟ್ಟ ಮೆಕ್ಸಿಕನ್ ಹೋಟ್ಲಿಗೆ ವೆಜಿಟೇರಿಯನ್‌ಗಳು ಹೋಗಬಹುದಾ, ಟಾಕೋ ಬೆಲ್ ಥರದ ಚೈನ್ ಹೋಟ್ಲಿಗೇ ಹೋಗೋದು ಸೇಫಾ?

ಲಾಂಡ್ರಿ ಅಂಗಡಿ ಪಕ್ಕ, ಗಾಜಿನ ಮೇಲೆ ಹಂದಿ ಚಿತ್ರ, ಒಳಗೆ ಐದಾರು ಟೇಬಲ್ಲು, ಗಂಡ ಹೆಂಡ್ತಿ ಮಗ ಸೇರ್ಕೊಂಡು ನಡೆಸೋದು. ಒಳಗೆ ಹೋಗೋಕೆ ಮುಜುಗರ, ಹಾಗಂತ ವಾಸನೆ ಮುಂದೆ ಹೋಗೋಕೂ ಬಿಡಲ್ಲ ಅಂತ ಬರ್ದಿದೀರ. ನಿಮ್ಮ ಪ್ರಶ್ನೆ ಓದಿ ಇದನ್ನ ನಾನೇ ಯಾವಾಗಲಾದ್ರೂ ಬರ್ದಿದ್ನಾ ಅಂತ ಅನುಮಾನ ಬಂತು.

ನಾವಿದ್ದಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಈಸ್ಟ್ ಸೈಡಲ್ಲಿ, ಸ್ಟೋರಿ ರೋಡು ಕಿಂಗ್ ರೋಡು ಸೇರೋ ಕಡೆ. ನಮ್ಮೋರೆಲ್ಲ ಸನ್ನಿವೇಲ್, ಕುಪರ್ಟಿನೋ ಅಂತ ಸೇರ್ಕೊಂಡಿದ್ರು, ನಮಗೆ ಆ ಬಾಡಿಗೆ ಆಗ್ತಿರಲಿಲ್ಲ. ಅಪಾರ್ಟ್‌ಮೆಂಟಿನ ವಾಷಿಂಗ್ ಮೆಷಿನ್ ಕೆಟ್ಟು ಬಟ್ಟೆ ಮೂಟೆ ಹೊತ್ಕೊಂಡು ಲಾಂಡ್ರಿಗೆ ಹೋಗಿ ಕೂತಿದ್ವಿ, ಪಕ್ಕದ ಬಾಗಿಲಿಂದ ಒಣಮೆಣಸಿನಕಾಯಿ ಹುರಿಯೋ ಘಾಟು ಬಂದು ನಾವಿಬ್ರೂ ಸೀನೋಕೆ ಶುರು ಮಾಡಿದ್ವಿ. ನನ್ನ ಹೆಂಡ್ತಿ ಹುಬ್ಬಳ್ಳಿ ಕಡೆಯವಳು, ಮೆಣಸಿನಕಾಯಿ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎದ್ದು ಸೀದಾ ಒಳಗೆ ಹೋದ್ಲು. ಅಲ್ಲಿ ಕಬ್ಬಿಣದ ಹೆಂಚಿನ ಮೇಲೆ ಗ್ವಾಹಿಯೋ ಅನ್ನೋ ಜಾತಿ ಮೆಣಸಿನಕಾಯಿ ಸುಡ್ತಿದ್ರು, ಖಾರ ಕಮ್ಮಿ, ಬಣ್ಣ ಜಾಸ್ತಿ, "ರೀ, ಇದು ಬ್ಯಾಡಗಿ ಮೆಣಸಿನಕಾಯಿ ತಂಗಿ" ಅಂತ ಅವಳ ತೀರ್ಪು. ಗಾಜಿನ ಜಾಡೀಲಿ ಕೆಂಪಗೆ ಒಂದು ಶರಬತ್ತಿತ್ತು, ಹಮೈಕಾ ಅಂತಾರೆ, ಕುಡಿದ್ರೆ ಹುಳಿ. ಅದೂ ನಮ್ಮ ಪುಂಡಿ ಜಾತಿ ಗಿಡದ್ದೇ ಅಂತೆ, ಸೊಪ್ಪು ಬಿಟ್ಟು ಹೂವಿನ ಕೆಂಪು ಪುಷ್ಪಪಾತ್ರೆ ಒಣಗಿಸಿ ನೆನೆಸ್ತಾರೆ. ಅಷ್ಟರಲ್ಲಿ ಬಟ್ಟೆ ಒಗೆದಾಗಿತ್ತು, ನಾವು ಎದ್ದೇಳಲಿಲ್ಲ.

ಈಗ ಅಸಲಿ ಕಥೆ. ಕೌಂಟರಲ್ಲಿ ಅವರ ಮಗ ಇದ್ದ, ಕಾಲೇಜು ಹುಡುಗ, ನಮಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾನೆ. ನಾವು ವೆಜಿಟೇರಿಯನ್ನು, ಏನಿದೆ ಅಂದೆ. ಬೀನ್ಸ್, ರೈಸ್, ಚೀಸ್, ಟಾರ್ಟಿಯಾ ಅನ್ನೋ ತೆಳು ರೊಟ್ಟಿ, ಯಾವುದ್ರಲ್ಲೂ ಮಾಂಸ ಇಲ್ಲ ಅಂದ. ಆಯ್ತು ಅಂದ್ವಿ. ಅಲ್ಲಿಂದ ಒಂದು ವರ್ಷದ ಮೇಲೆ ಅದೇ ತಿಂದ್ವಿ, ಶನಿವಾರ ಬಂದ್ರೆ ಅಲ್ಲೇ. ಆ ಬೀನ್ಸು ಅಂದ್ರೆ ಬೆಂದ ಕಾಳನ್ನ ಮಸೆದು ಬಾಣಲೆಗೆ ಹಾಕಿ ಮಗುಚಿರ್ತಾರೆ, ಫ್ರಿಹೋಲೆಸ್ ರೆಫ್ರಿತೋಸ್ ಅಂತ, ರೇಷ್ಮೆ ಥರ ನುಣ್ಣಗೆ. ಯಾಕೆ ಅಷ್ಟು ನುಣ್ಣಗೆ ಅಂತ ಒಂದು ದಿನಕ್ಕೂ ಯೋಚನೆ ಮಾಡಲಿಲ್ಲ ನೋಡಿ.

ಅಪ್ಪ ಊರಿಂದ ಬಂದ್ರು. ರಿಟೈರ್ಡ್ ಸೈನ್ಸ್ ಮೇಷ್ಟ್ರು, ಅರಸೀಕೆರೆ. ಹೊರಗೆ ತಿನ್ನೋದಕ್ಕೆ ಅಷ್ಟಕ್ಕಷ್ಟೇ ಇದ್ದೋರು ಆ ಹೋಟ್ಲಿಗೆ ಮಾತ್ರ ಒಗ್ಗಿಬಿಟ್ರು. ಟಾರ್ಟಿಯಾಗೆ ಮೆಕ್ಕೆಜೋಳನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಸಿ, ತೊಳೆದು ರುಬ್ತಾರೆ ಅಂತ ಗೊತ್ತಾದಾಗ ಅವರ ಖುಷಿ ನೋಡಬೇಕಿತ್ತು. ಹಾಗೆ ಮಾಡದೇ ಇದ್ರೆ ಜೋಳದಲ್ಲಿರೋ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತಲ್ಲ, ಬರೀ ಜೋಳ ತಿಂದ ದೇಶಗಳಲ್ಲಿ ಪೆಲಾಗ್ರಾ ಅಂತ ರೋಗ ಬಂದಿದ್ದು ಇದಕ್ಕೇ ಅಂತ ನಮಗೆ ಕ್ಲಾಸ್ ತಗೊಂಡ್ರು. ಎಲೆ ಅಡಿಕೆ ಹಾಕೋ ಮನುಷ್ಯ, ಸುಣ್ಣದ ಮೇಲೆ ಮೊದಲೇ ಅಭಿಮಾನ. ಅಡುಗೆ ಮಾಡೋ ಯಜಮಾನಿಗೂ, ಎಲ್ರೂ ಸೆನ್ಯೋರಾ ಅಂತಿದ್ವಿ, ಅಪ್ಪಂಗೂ ಒಂದು ಮಾತೂ ಅರ್ಥ ಆಗ್ತಿರಲಿಲ್ಲ, ಆದ್ರೂ ದೋಸ್ತಿ. ಒಂದಿನ ಅಪ್ಪ ಬೀನ್ಸ್ ತೋರಿಸಿ ಹೇಗೆ ಮಾಡೋದು ಅಂತ ಕೈಸನ್ನೆ ಮಾಡಿದ್ರು. ಆಯಮ್ಮ ಖುಷಿಯಾಗಿ ಒಳಗೇ ಕರ್ಕೊಂಡು ಹೋದ್ರು. ಬಾಣಲೆ ಇಟ್ರು, ಒಂದು ಬಿಳಿ ಡಬ್ಬಿ ತೆಗೆದು ದೊಡ್ಡ ಚಮಚದಲ್ಲಿ ಬೆಳ್ಳಗಿರೋದನ್ನ ಹಾಕಿದ್ರು, ಈರುಳ್ಳಿ ಹಾಕಿದ್ರು, ಕಾಳು ಹಾಕಿದ್ರು. ಅಪ್ಪ "ಓ, ಡಾಲ್ಡಾನಾ" ಅಂದ್ರು. ನಾನು ಡಬ್ಬಿ ತಿರುಗಿಸಿ ಓದಿದೆ.

ಹಂದಿ ಕೊಬ್ಬು. ಸ್ಪ್ಯಾನಿಷಲ್ಲಿ ಮಾಂತೇಕಾ ಅಂತ ಬರ್ದಿರುತ್ತೆ, ಜ್ಞಾಪಕ ಇಟ್ಕೊಳಿ.

ಅಪ್ಪ ಆಯಮ್ಮಂಗೆ ಕೈಮುಗಿದ್ರು, ಹೊರಗೆ ಬಂದು ಕಾರಲ್ಲಿ ಕೂತ್ರು. ಬೈಯಲಿಲ್ಲ. ಮನೆ ಹತ್ರ ಬಂದಾಗ "ಒಂದು ವರ್ಷದಿಂದ ತಿಂತಿದೀಯ, ಒಂದ್ಸಲನಾದ್ರೂ ಅಡುಗೆಮನೆ ಕಡೆ ಇಣುಕಬೇಕು ಅನ್ನಿಸಲಿಲ್ವೇನೋ?" ಅಂದ್ರು ಅಷ್ಟೇ. ಆಮೇಲೆ ಅಮೆರಿಕಾದಲ್ಲಿರೋ ತನಕ ಹೊರಗೆ ಒಂದು ಲೋಟ ಕಾಫಿನೂ ಕುಡೀಲಿಲ್ಲ. ಯೊಸೆಮಿಟಿ ಪಾರ್ಕಿಗೂ ಅವಲಕ್ಕಿ ಡಬ್ಬಿನೇ. ಮತ್ತೆ ಬನ್ನಿ ಅಂದ್ರೆ ಈಗಲೂ ಮಾತು ಬದಲಾಯಿಸ್ತಾರೆ.

ನನ್ನ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡೋ ದಾರೀಲಿದೀರ, "ವೆಜ್ ಇದೆಯಾ ಅಂತ ಫೋನ್ ಮಾಡಿ ಕೇಳಲಾ" ಅಂತ ಬರ್ದಿದೀರಲ್ಲ. ಕೇಳಬೇಡಿ. ನಾನು ತಟ್ಟೇಲಿ ಏನಿದೆ ಅಂತ ಕೇಳಿದ್ದೆ, ಬಾಣಲೆಗೆ ಏನು ಹಾಕ್ತೀರ ಅಂತ ಕೇಳಲಿಲ್ಲ. ಅದೂ ಯಾರನ್ನ ಕೇಳಿದ್ದು, ಬಿಲ್ ಹಾಕೋ ಹುಡುಗನ್ನ, ಹಿಂದೆ ನಾಲ್ಕು ಜನ ಕ್ಯೂ ನಿಂತಿದ್ದಾಗ. ಸೌಟು ಹಿಡಿದೋರು ಎಂಟಡಿ ದೂರದಲ್ಲಿದ್ರು, ಅವರನ್ನ ಕೇಳಲಿಲ್ಲ. ಮಾಂಸ ಇಲ್ಲ ಅಂದ ತಕ್ಷಣ ಕಿವಿ ಮುಚ್ಕೊಂಡೆ, ಯಾಕಂದ್ರೆ ನನಗೆ ಆ ಉತ್ತರಾನೇ ಬೇಕಿತ್ತು. ಎಣ್ಣೆ ಯಾವುದು ಅಂತ ಕೇಳಿದ್ರೆ ಉತ್ತರ ಇಷ್ಟ ಆಗದೇ ಇರಬಹುದು ಅಂತ ಒಳಗೊಳಗೇ ಗೊತ್ತಿತ್ತು ಅನ್ಸುತ್ತೆ. ಇನ್ನು ಆ ಕೆಂಪು ಅನ್ನ, ಅದನ್ನಂತೂ ಟೊಮ್ಯಾಟೊ ಅನ್ನ ಅಂತಲೇ ತಿಂದ್ವಿ, ಅದನ್ನ ಚಿಕನ್ ಸ್ಟಾಕಲ್ಲಿ, ಅಂದ್ರೆ ಕೋಳಿ ಬೇಯಿಸಿದ ನೀರಲ್ಲಿ, ಇಲ್ಲಾ ಅದರದ್ದೇ ಬೂಲಿಯಾನ್ ಪುಡಿ ಹಾಕಿ ಬೇಯಿಸೋದು ತುಂಬಾ ಮಾಮೂಲು. ಅಂದ್ರೆ ತಟ್ಟೆಯ ಎರಡೂ ಕಡೆ ಕೆಟ್ಟಿತ್ತು, ಮಧ್ಯದಲ್ಲಿದ್ದ ಟಾರ್ಟಿಯಾ ಒಂದೇ ನೆಟ್ಟಗಿತ್ತು.

ಮೋಸ ಮಾಡಿದ್ರು ಅಂತ ನನಗೆ ಸಿಟ್ಟು. ಒಂದು ಸ್ಟಾರ್ ರಿವ್ಯೂ ಟೈಪ್ ಮಾಡಿ ಇಟ್ಟಿದ್ದೆ, ಹೆಂಡ್ತಿ ಪೋಸ್ಟ್ ಮಾಡೋಕೆ ಬಿಡಲಿಲ್ಲ, ಅವಳೇ ಹೋಗಿ ಮಾತಾಡಿಕೊಂಡು ಬಂದ್ಲು. ಸೆನ್ಯೋರಾಗೆ ನಿಜವಾಗ್ಲೂ ಅರ್ಥ ಆಗಿರಲಿಲ್ಲವಂತೆ. "ನಾವು ಈಸ್ಟರ್ ಮುಂಚಿನ ಉಪವಾಸದ ಶುಕ್ರವಾರಗಳಲ್ಲೂ ಇದೇ ಬೀನ್ಸ್ ತಿಂತೀವಲ್ಲ" ಅಂದ್ರಂತೆ. ನಾನು ನಂಬಲಿಲ್ಲ, ಹುಡುಕಿ ನೋಡಿದೆ. 1966ರಲ್ಲಿ ಪೋಪ್ ಆರನೇ ಪಾಲ್ ಹೊರಡಿಸಿದ ಉಪವಾಸದ ನಿಯಮದಲ್ಲಿ ಮಾಂಸ ನಿಷಿದ್ಧ, ಆದ್ರೆ ಮೊಟ್ಟೆ, ಹಾಲಿನ ಪದಾರ್ಥ, ಒಗ್ಗರಣೆಗೆ ಹಾಕೋ ಪ್ರಾಣಿ ಕೊಬ್ಬು ಇದೆಲ್ಲ ಪರವಾಗಿಲ್ಲ ಅಂತ ಸ್ಪಷ್ಟವಾಗಿದೆ. ಏಕಾದಶಿ ದಿನ ಅಕ್ಕಿ ಮುಟ್ಟದೆ ಸಬ್ಬಕ್ಕಿ ಕಿಚಡಿ ಹೊಟ್ಟೆ ತುಂಬ ತಿನ್ನೋ ನಾವು ಇದರ ಬಗ್ಗೆ ನಗೋ ಹಾಗಿಲ್ಲ. ಆ ಮನೆಯವರ ಲೆಕ್ಕದಲ್ಲಿ ಅದು ಮಾಂಸ ಇಲ್ಲದ ಊಟಾನೇ. ಹುಡುಗ ಸುಳ್ಳು ಹೇಳಿರಲಿಲ್ಲ.

ಆಮೇಲೆ ಶುರುವಾಯ್ತು ನೋಡಿ ಅಸಲಿ ಊಟ. ಅವರು ಮಿಚೊವಾಕಾನ್ ರಾಜ್ಯದವರು, 2010ರಲ್ಲಿ ಯುನೆಸ್ಕೊ ಮೆಕ್ಸಿಕೋ ಅಡುಗೆಯನ್ನ ಪರಂಪರೆ ಪಟ್ಟಿಗೆ ಸೇರಿಸಿದಾಗ ಮಾದರಿ ಅಂತ ತೋರಿಸಿದ್ದು ಆ ರಾಜ್ಯದ ಅಡುಗೇನೇ. ಹೊರಗಿನವರಿಗೆ ಅದು ಕಾರ್ನಿತಾಸ್ ಅನ್ನೋ ಹಂದಿ ಮಾಂಸದ ಊರು, ಅದಕ್ಕೇ ಗಾಜಿನ ಮೇಲೆ ಆ ಚಿತ್ರ. ಆದ್ರೆ ಮೆನುಲಿ ಇಲ್ಲದ್ದು ಎಷ್ಟಿತ್ತು ಅಂತೀರ! ಕೊಬ್ಬು ಹಾಕೋ ಮುಂಚಿನ ಕಾಳು ಪಾತ್ರೇಲಿ ಹಾಗೇ ಕುದೀತಿರುತ್ತೆ, ಈರುಳ್ಳಿ, ಉಪ್ಪು, ಎಪಾಜೋತೆ ಅಂತ ಒಂದು ಘಾಟು ಸೊಪ್ಪು ಅಷ್ಟೇ, ಅದನ್ನ ಕಟ್ಟಿನ ಸಮೇತ ಬಟ್ಟಲಿಗೆ ಹಾಕ್ಕೊಡ್ತಾರೆ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆಹಣ್ಣು. ಫ್ರಿಹೋಲೆಸ್ ದೆ ಓಯಾ ಅಂತ ಕೇಳಿ. ಊರಲ್ಲಿ ಬೇಲಿಗೆ ಹಾಕೋ ಪಾಪಾಸುಕಳ್ಳಿ ಇದೆಯಲ್ಲ, ಅದರ ಎಳೇ ಹಾಳೆ ಮುಳ್ಳು ಕೆರೆದು ಹೆಚ್ಚಿ ಪಲ್ಯ ಮಾಡ್ತಾರೆ, ನೊಪಾಲೆಸ್ ಅಂತ, ಲೋಳೆ ಲೋಳೆ, ಬೆಂಡೆಕಾಯಿ ತಿನ್ನೋರಿಗೆ ಏನೂ ಅನ್ಸಲ್ಲ. ಆ ಗಿಡ ಮೂಲತಃ ಅವರ ಕಡೆಯದೇ. ಕುಂಬಳ ಹೂವನ್ನ ಚೀಸ್ ಜೊತೆ ಟಾರ್ಟಿಯಾಲಿ ಮಡಚಿ ಹೆಂಚಿನ ಮೇಲೆ ಹಾಕ್ತಾರೆ. ಬೇಸಿಗೇಲಿ ಎಳೇ ಜೋಳ ರುಬ್ಬಿ ಬೆಣ್ಣೆ, ಹಾಲು ಹಾಕಿ ಜೋಳದ ಸಿಪ್ಪೇಲೇ ಸುತ್ತಿ ಹಬೇಲಿ ಬೇಯಿಸಿದ್ದು ಉಚೆಪೋ, ಅದರ ಮೇಲೆ ಕೆನೆ. ನನ್ನ ಹೆಂಡ್ತಿ ಅದನ್ನ ಕಡುಬು ಅಂತಲೇ ಆರ್ಡರ್ ಮಾಡ್ತಿದ್ಲು, ಸೆನ್ಯೋರಾಗೆ ಅರ್ಥ ಆಗ್ತಿತ್ತು! ಆಲೂಗಡ್ಡೆ ತುಂಬಿ ಎಣ್ಣೇಲಿ ಕರಿದ ಟಾಕೋ ಮಗನ ಸ್ಪೆಷಲ್ಲು. ಇದೆಲ್ಲಾ ಒಂದು ವರ್ಷದಿಂದ ಅಲ್ಲೇ ಇತ್ತು, ನಾನು ಕೌಂಟರ್ ಈಚೆ ನಿಂತು ಬೀನ್ಸ್ ರೈಸ್ ಅಂತಿದ್ದೆ.

ಈಗ ನಿಮ್ಮ ಪ್ರಶ್ನೆ. ಸೇಫಾ ಅಂದ್ರೆ ಇಲ್ಲ, ಸೇಫ್ ಅಲ್ಲ. ನಿಮಗೆ ಸೇಫ್ ಒಂದೇ ಮುಖ್ಯ ಅಂದ್ರೆ ಟಾಕೋ ಬೆಲ್‌ಗೆ ಹೋಗಿ, ಅವರ ಬೀನ್ಸಲ್ಲಿ ಹಂದಿ ಕೊಬ್ಬಿಲ್ಲ, ಪದಾರ್ಥದ ಪಟ್ಟಿ ವೆಬ್‌ಸೈಟಲ್ಲೇ ಇದೆ, ಯಾರ ಜೊತೇನೂ ಮಾತಾಡಬೇಕಾಗಿಲ್ಲ. ಆದ್ರೆ ಮನೆ ಪಕ್ಕದ ಹೋಟ್ಲನ್ನ ಚೈನ್ ಜೊತೆ ಒಂದೇ ತಕ್ಕಡೀಲಿ ತೂಗ್ತೀನಿ ಅನ್ನೋದನ್ನೇ ನಾನು ಒಪ್ಪಲ್ಲ. ಅಲ್ಲಿ ಮಾತಾಡೋಕೆ ತಯಾರಿದ್ರೆ ಹೋಗಿ, ಇಲ್ಲಾಂದ್ರೆ ಖಂಡಿತ ಹೋಗಬೇಡಿ, ನನ್ನ ಥರ ಆಗುತ್ತೆ.

"ಅಥೆಂಟಿಕ್ ಅಂತ ಹೇಗೆ ಗುರ್ತಿಸೋದು, ವೆಜ್ ಕೇಳಿದ್ರೆ ಅಥೆಂಟಿಕ್ ಹಾಳಾಗಲ್ವಾ" ಅಂತ ಬೇರೆ ಕೇಳಿದೀರ. ಸ್ವಾಮಿ, ಮೆಕ್ಸಿಕೋಗೆ ಸಾಕು ಹಂದಿ ಬಂದಿದ್ದೇ 1500ರ ದಶಕದಲ್ಲಿ ಸ್ಪೇನಿನವರ ಜೊತೆ. ಅದಕ್ಕೆ ಮುಂಚೆ ಸಾವಿರಾರು ವರ್ಷ ಕಾಳು, ಜೋಳ, ಕುಂಬಳ, ಮೆಣಸಿನಕಾಯಿ ತಿಂದವರು ಯಾವ ಹಂದಿ ಕೊಬ್ಬು ಹಾಕಿದ್ರು? ಕೊಬ್ಬಿಲ್ಲದ ಬೀನ್ಸ್ ಕೇಳಿದ್ರೆ ನೀವು ಏನನ್ನೂ ಹಾಳು ಮಾಡ್ತಿಲ್ಲ. ಮೆಣಸಿನಕಾಯಿ ಅಲ್ಲಿಂದ ಪೋರ್ಚುಗೀಸರ ಹಡಗಲ್ಲಿ ನಮ್ಮ ಕಡೆ ಬಂದಿದ್ದು, ಹಾಗಂತ ಬ್ಯಾಡಗಿ ಅಥೆಂಟಿಕ್ ಅಲ್ಲ ಅಂತ ನನ್ನ ಹೆಂಡ್ತಿ ಮುಂದೆ ಹೇಳಿ ನೋಡೋಣ.

ಹೋಗೋದು ಮಧ್ಯಾಹ್ನ ಮೂರು ಗಂಟೆ ಹಾಗೆ ಹೋಗಿ, ರಶ್ ಇರಲ್ಲ, ಅಡುಗೆ ಮಾಡೋರು ಮಾತಿಗೆ ಸಿಗ್ತಾರೆ. "ಸಿನ್ ಮಾಂತೇಕಾ, ಸಿನ್ ಕಾಲ್ದೋ ದೆ ಪೊಯೋ" ಅಂತ ಹೇಳಿ, ಹಂದಿ ಕೊಬ್ಬು ಬೇಡ, ಕೋಳಿ ಸ್ಟಾಕ್ ಬೇಡ ಅಂತ ಅರ್ಥ. ಜೋಳದ ಟಾರ್ಟಿಯಾ ಜೋಳ, ಸುಣ್ಣ, ನೀರು ಅಷ್ಟೇ, ಮೈದಾದ್ದಾದ್ರೆ ಕೊಬ್ಬಿರಬಹುದು, ಕೇಳಿ. ತಮಾಲೆ ಅಂತ ಜೋಳದ ಹಿಟ್ಟಿನ ಕಡುಬು, ಅದರ ಒಳಗೆ ಬರೀ ಚೀಸ್ ಇದ್ರೂ ಹಿಟ್ಟಿಗೆ ಸಾಮಾನ್ಯವಾಗಿ ಕೊಬ್ಬು ಸೇರಿಸಿ ಮಿದ್ದಿರ್ತಾರೆ, ಅದೇ ಥರ ಮೋಲೆ ಗೊಜ್ಜಲ್ಲಿ ಕೋಳಿ ಸ್ಟಾಕು. ಚಿಲೆ ರೆಯೆನೋ ಅಂದ್ರೆ ಮೆಣಸಿನಕಾಯಿ ಬಜ್ಜಿ ಅಂತ ಆಸೆ ಪಡಬೇಡಿ, ಮೇಲಿನ ಹಿಟ್ಟು ಮೊಟ್ಟೇದು. ಚಿಪ್ಸ್ ಯಾವ ಎಣ್ಣೇಲಿ ಕರೀತಾರೆ, ಅದೇ ಎಣ್ಣೇಲಿ ಮಾಂಸ ಕರೀತಾರಾ ಅಂತಾನೂ ಕೇಳಿ. ಚೀಸಿಗೆ ಹಾಲು ಒಡೆಯೋಕೆ ಹಾಕೋ ರೆನೆಟ್, ಅದು ಕರುವಿನ ಹೊಟ್ಟೆಯಿಂದ ತೆಗೆದಿದ್ದಿರಬಹುದು, ಅದರ ತನಕ ಲೆಕ್ಕ ಹಾಕೋರಾದ್ರೆ ಅದು ಬೇರೆ ವಿಷಯ, ಆಗ ಅಪ್ಪನ ಅವಲಕ್ಕಿ ಡಬ್ಬಿನೇ ಸರಿ. ಈಸ್ಟರ್ ಮುಂಚಿನ ಶುಕ್ರವಾರಗಳಲ್ಲಿ ತಪ್ಪದೇ ಹೋಗಿ, ನೊಪಾಲೆಸ್, ಬೇಳೆ ಸಾರು, ಬ್ರೆಡ್ ಬೆಲ್ಲ ಚೀಸ್ ಹಾಕಿದ ಕಾಪಿರೊತಾದಾ ಅಂತ ಸಿಹಿ, ಅವರ ಮನೆಗೆ ಅಂತ ಮಾಡಿದ್ದೇ ಸಿಗುತ್ತೆ. ಸೀಗಡಿ, ಮೀನು ಅವರಿಗೆ ಉಪವಾಸಕ್ಕೆ ನಡೆಯುತ್ತೆ, ನೋಡ್ಕೊಳಿ.

ಮಕ್ಕಳಿಗೆ ಖಾರ ಆಗುತ್ತಾ ಅಂದ್ರಲ್ಲ, ಅಡುಗೇಲಿ ಖಾರ ಅಷ್ಟಿರಲ್ಲ, ಪಕ್ಕದಲ್ಲಿಡೋ ಸಾಲ್ಸಾ ಅನ್ನೋ ಚಟ್ನೀಲಿ ಇರುತ್ತೆ, ಕಿತ್ತಳೆ ಬಣ್ಣದ್ದನ್ನ ದೂರ ಇಡಿ. ಅಕ್ಕಿ ದಾಲ್ಚಿನ್ನಿ ಹಾಕಿದ ಓರ್ಚಾತಾ ಅನ್ನೋ ಪಾನಕ ಕೊಡಿಸಿ, ಸುಮ್ಮನಾಗ್ತಾರೆ. ಕ್ಯಾಶ್ ಇಟ್ಕೊಂಡು ಹೋಗಿ, ಟಿಪ್ಸ್ ಇಪ್ಪತ್ತು ಪರ್ಸೆಂಟಿಗೆ ಕಮ್ಮಿ ಮಾಡಬೇಡಿ, ಬರೀ ಬೀನ್ಸ್ ತಿಂದು ಒಂದು ಗಂಟೆ ಟೇಬಲ್ ಹಿಡ್ಕೊಂಡು ಕೂರೋ ಗಿರಾಕಿಗಳು ನಾವು.